ವಿಜಯನಗರದಲ್ಲಿ ಹಳೆಯ ಮನೆಯೊಂದನ್ನು ಕೊಂಡದ್ದು

ಮೈಸೂರಿನ ಕುವೆಂಪುನಗರದ ಮನೆಯೊಂದರ ಮೊದಲ ಮಹಡಿಯಲ್ಲಿ ಹದಿಮೂರು ವರ್ಷ ಬಾಡಿಗೆಗಿದ್ದ ನಮಗೆ, 2024ರ ದೀಪಾವಳಿ ಕಳೆದ ವಾರದಲ್ಲಿ ಮನೆಯ ಯಜಮಾನರು ಮಗನ ಮದುವೆ ಗೊತ್ತಾಗಿರುವ ಸಂಗತಿಯನ್ನು ಸಂಕೋಚದಿಂದಲೇ ತಿಳಿಸಿ, ಮುಂದಿನ ವರ್ಷದೊಳಗೆ ಮಹಡಿಯನ್ನು ಬಿಟ್ಟುಕೊಡಬೇಕಾಗಬಹುದು ಎಂದರು. ಮಂಡ್ಯದ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು ದಿನವೂ ಬೆಳಗಿನ ರೈಲು ಹಿಡಿಯಬೇಕು; ನನ್ನ ಪತ್ನಿ ಮೈಸೂರಿನಲ್ಲೇ ಶಾಲಾ ಶಿಕ್ಷಕಿ; ಜೊತೆಯಲ್ಲಿರುವ ಅತ್ತೆಯವರಿಗೆ ತಿಂಗಳಿಗೆರಡು ಬಾರಿ ಆಸ್ಪತ್ರೆಯ ಓಡಾಟವಿದೆ. 2011ರಲ್ಲಿ ಬೋಗಾದಿ ರಸ್ತೆಯಾಚೆಯ ಖಾಸಗಿ ಬಡಾವಣೆಯಲ್ಲಿ ಕೊಂಡಿದ್ದ 30x40ರ ನಿವೇಶನವೊಂದು ನಮ್ಮ ಬಳಿ ಇತ್ತು. ಅಲ್ಲೇ ಕಟ್ಟಿಸಬಹುದಲ್ಲ ಎಂದು ಕೇಳದವರಿಲ್ಲ. ಆದರೆ ಅಲ್ಲಿಗೆ ಇನ್ನೂ ಕಾವೇರಿ ನೀರು ಬಂದಿರಲಿಲ್ಲ, ಕೊಳವೆಬಾವಿ ಬತ್ತಿದಾಗ ಟ್ಯಾಂಕರಿಗೆ ಕಾಯಬೇಕಿತ್ತು, ಒಳಚರಂಡಿ ಬಡಾವಣೆಯ ತುದಿಯ ಹಳ್ಳದಲ್ಲಿ ಕೊನೆಯಾಗುತ್ತಿತ್ತು. ನಿವೇಶನವನ್ನು ಮಾರಿ, ಆ ಹಣಕ್ಕೆ ಸಾಲ ಸೇರಿಸಿ, ಊರೊಳಗೆ ಕಟ್ಟಿದ ಮನೆಯನ್ನೇ ಕೊಳ್ಳುವುದೆಂದು ತೀರ್ಮಾನಿಸಿದೆವು.

ರೈಲು ನಿಲ್ದಾಣಕ್ಕೆ ಹತ್ತಿರವಾಗಲಿ ಎಂದು ಮೊದಲು ಯಾದವಗಿರಿ, ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ, ಗೋಕುಲಂಗಳಲ್ಲಿ ಹುಡುಕಿದ್ದು ನಮ್ಮ ಅಳತೆ ತಿಳಿಯದೆ ಮಾಡಿದ ಕೆಲಸ. ಮೊದಲನೆಯ ಭಾನುವಾರವೇ ದಲ್ಲಾಳಿಯೊಬ್ಬರು ಒಂದು ಮನೆಯನ್ನು ತೋರಿಸಿದರು. ಕೆಂಪು ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು, ಹಿತ್ತಲಲ್ಲಿ ಫಲಬಿಟ್ಟ ಸಪೋಟ ಮರ ಎಲ್ಲವನ್ನೂ ನಾವು ನೋಡುತ್ತಿದ್ದರೆ ಅವರು ಬೀದಿಯಲ್ಲೇ ನಿಂತಿದ್ದರು. ಒಳಗೆ ಬರುವುದಿಲ್ಲವೇ ಎಂದು ಕೇಳಿದಾಗ, “ಮನೆ ಲೆಕ್ಕಕ್ಕಿಲ್ಲ ಸಾರ್. ಅಡಿಗಿಷ್ಟು ಅಂತ ಸೈಟ್ ರೇಟು, ಅಷ್ಟೇ. ಮನೆ ಒಡೆಯೋಕೆ ತಗುಲೋ ಖರ್ಚನ್ನ ನೀವೇ ಬೇಕಾದ್ರೆ ಚೌಕಾಸಿ ಮಾಡಿ ಕಳೀಬಹುದು” ಎಂದರು. ಇದನ್ನು ಅವರು ವ್ಯಂಗ್ಯವಾಗಿ ಹೇಳಲಿಲ್ಲ. ಅನಂತರದ ಐದು ತಿಂಗಳಲ್ಲಿ ನೋಡಿದ ಇಪ್ಪತ್ತಕ್ಕೂ ಹೆಚ್ಚು ಮನೆಗಳಲ್ಲಿ ಈ ಲೆಕ್ಕವೇ ನಡೆಯಿತು: ನೆಲದ ಅಳತೆಯನ್ನು ದರದಿಂದ ಗುಣಿಸಿ, ಪೂರ್ವ ಅಥವಾ ಉತ್ತರಕ್ಕೆ ಬಾಗಿಲಿದ್ದರೆ ಸ್ವಲ್ಪ ಏರಿಸಿ, ರಸ್ತೆ ಕಿರಿದಾಗಿದ್ದರೆ ಸ್ವಲ್ಪ ಇಳಿಸಿ, ಮೇಲೆ ನಿಂತಿರುವ ಗೋಡೆಗಳನ್ನು ಸೊನ್ನೆಗೆ ಹಿಡಿಯುವ ಲೆಕ್ಕ.

ಹೀಗಾಗುವುದಕ್ಕೆ ಕಾರಣಗಳು ಮನೆ ನೋಡುತ್ತ ನೋಡುತ್ತ ತಿಳಿದವು. ಈ ಬಡಾವಣೆಗಳಲ್ಲಿ ಹೊಸ ನಿವೇಶನವೆಂಬುದೇ ಇಲ್ಲ. ಮಾರಾಟಕ್ಕೆ ಬರುವುದು ಯಾರೋ ಹಿರಿಯರು ತೀರಿಕೊಂಡಾಗ, ಇಲ್ಲವೆ ಒಬ್ಬಂಟಿಯಾದವರು ಮಕ್ಕಳ ಊರಿಗೆ ಹೊರಟಾಗ. ಕೊಳ್ಳಲು ನಮ್ಮಂಥ ಸಂಬಳದವರ ಜೊತೆ ಸಾಲಿನಲ್ಲಿ ನಿಂತಿರುವವರಲ್ಲಿ, ಹಳೆಯ ಮನೆಯನ್ನು ಕೆಡವಿ ಮಹಡಿಗೊಂದರಂತೆ ಫ್ಲ್ಯಾಟ್ ಎಬ್ಬಿಸುವ ಬಿಲ್ಡರುಗಳಿದ್ದಾರೆ, ನಿವೃತ್ತಿಯ ಮೇಲೆ ಊರಿಗೆ ಮರಳಲೆಂದು ವಿದೇಶದಿಂದಲೇ ಹಣ ಕಳಿಸುವವರಿದ್ದಾರೆ, 2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮೈಸೂರನ್ನು ವಾರಾಂತ್ಯದ ದೂರದಲ್ಲಿ ಕಾಣುತ್ತಿರುವ ಬೆಂಗಳೂರಿಗರಿದ್ದಾರೆ. ಗೋಕುಲಂನಲ್ಲಿ ಯೋಗ ಕಲಿಯಲು ಹೊರದೇಶಗಳಿಂದ ಬಂದು ತಿಂಗಳುಗಟ್ಟಲೆ ನಿಲ್ಲುವವರಿಂದಾಗಿ ಬಾಡಿಗೆಯ ಆಸೆಯೂ ಬೆಲೆಗೆ ಸೇರಿಕೊಂಡಿದೆ. ಒಳ್ಳೆಯ ಮನೆಗಳು ಜಾಹೀರಾತಿಗೆ ಬರುವುದೇ ಅಪರೂಪ. ಯಾರ ಮನೆ ಖಾಲಿಯಾಗಲಿದೆ ಎಂಬುದು ದಲ್ಲಾಳಿಗಿಂತ ಮೊದಲು ಗೊತ್ತಿರುವುದು ಬೀದಿಯ ಇಸ್ತ್ರಿ ಗಾಡಿಯವರಿಗೆ. ನಮಗೆ ಕೊನೆಗೆ ದಕ್ಕಿದ ಮನೆಯ ಸುಳಿವನ್ನು ಕೊಟ್ಟವರೂ ಅವರೇ.

ಅದಕ್ಕೆ ಮೊದಲು ಗೋಕುಲಂನ ಒಂದು ಮನೆ ಬಹುತೇಕ ಕುದುರಿತ್ತು. ಬೆಲೆ ಒಪ್ಪಿಗೆಯಾದ ಮೇಲೆ ಮಾರುವವರು, ಪತ್ರದಲ್ಲಿ, ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಕಾಣಿಸಿ, ಉಳಿದ ನಲವತ್ತು ಲಕ್ಷವನ್ನು ನಗದಾಗಿ ಕೊಡಬೇಕೆಂದರು. ಮಾರ್ಗಸೂಚಿ ದರಗಳನ್ನು 2023ರ ಅಕ್ಟೋಬರ್‌ನಲ್ಲಿ ಪರಿಷ್ಕರಿಸಿದ್ದರೂ, ಇಂಥ ಬಡಾವಣೆಗಳಲ್ಲಿ ನಿಜವಾದ ಬೆಲೆ ಅದಕ್ಕಿಂತ ಬಹಳ ಮೇಲಿರುವುದರಿಂದ ಈ ‘ಕಪ್ಪು-ಬಿಳುಪಿ’ನ ಮಾತಿಗೆ ಎಡೆ ಸಿಗುತ್ತದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾಯ್ದೆಯಂತೆ ನಿಷಿದ್ಧ ಎಂಬುದು ಹಾಗಿರಲಿ, ಸಂಬಳದ ಸ್ಲಿಪ್ಪಿನ ಆಧಾರದ ಮೇಲೆ ಬ್ಯಾಂಕಿನಿಂದ ಸಾಲ ತರುವವನಿಗೆ ನಲವತ್ತು ಲಕ್ಷದ ನೋಟು ಎಲ್ಲಿಂದ ಬರಬೇಕು? ನಾವು ಹಿಂದೆ ಸರಿದೆವು. ಪೂರ್ತಿ ಚೆಕ್ಕಿನಲ್ಲಿ ಕೊಡುತ್ತೇನೆ ಎನ್ನುವುದು ಈ ಮಾರುಕಟ್ಟೆಯಲ್ಲಿ ಕೊಳ್ಳುವವನ ಕೊರತೆಯೆಂದು ಎಣಿಕೆಯಾಗುತ್ತದೆ ಎಂಬುದನ್ನು ಅಂದು ಕಂಡೆ.

2025ರ ಯುಗಾದಿ ಕಳೆದ ಮೇಲೆ ವಿಜಯನಗರ ಎರಡನೇ ಹಂತದ ಮನೆ ಕಣ್ಣಿಗೆ ಬಿತ್ತು. 30x40ರ ನಿವೇಶನ, ಪೂರ್ವದ ಬಾಗಿಲು, 1991ರಲ್ಲಿ ಕಟ್ಟಿದ ಹನ್ನೊಂದು ಚದರದ ಮನೆ, ಒಂದು ಕೋಣೆಯ ಚಾವಣಿಯಲ್ಲಿ ಸೋರಿದ ಗುರುತು. ಯಜಮಾನರು 2019ರಲ್ಲಿ ತೀರಿಕೊಂಡಿದ್ದು, ಎಂಬತ್ತರ ಹತ್ತಿರದ ಅಮ್ಮನವರು ಒಬ್ಬರೇ ಇದ್ದರು. ಮಗಳು ಮಂಡ್ಯದಲ್ಲಿ, ಮಗ ಅಮೆರಿಕದ ಡಲ್ಲಾಸ್‌ನಲ್ಲಿ. ನಾನು ಮಂಡ್ಯದ ಕಾಲೇಜಿನವನೆಂದು ತಿಳಿದ ಮೇಲೆ ಅಮ್ಮನವರು, “ಕೆಡವೋದಿಲ್ಲ ಅಂತೀರಾ ಮೇಷ್ಟ್ರೇ?” ಎಂದು ಒಂದೇ ಪ್ರಶ್ನೆ ಕೇಳಿದರು. ಕೆಡವಿ ಕಟ್ಟಲು ನಮ್ಮಲ್ಲಿ ಹಣವೂ ಇರಲಿಲ್ಲ. ಆ ಸತ್ಯವನ್ನೇ ಹೇಳಿದೆ. ಬೆಲೆ ಒಂದು ಕೋಟಿ ಇಪ್ಪತ್ತನಾಲ್ಕು ಲಕ್ಷಕ್ಕೆ ನಿಂತು, ಪೂರ್ತಿ ಹಣ ಬ್ಯಾಂಕಿನ ಮೂಲಕ ಎಂಬುದಕ್ಕೆ ಅವರೆಲ್ಲ ಒಪ್ಪಿದರು. ಅಕ್ಷಯ ತದಿಗೆಯ ದಿನ ಒಂದು ಲಕ್ಷ ಟೋಕನ್ ಕೊಟ್ಟೆವು.

ಆಮೇಲೆ ಪತ್ರಗಳ ಕಾಲ. ನಮ್ಮ ವಕೀಲರು ಮೊದಲು ಕೇಳಿದ್ದು ನಿವೇಶನ ಹಂಚಿಕೆಯ ಮೂಲವನ್ನು. 2024ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ಬದಲಿ ನಿವೇಶನಗಳ ವಿವಾದ ರಾಜ್ಯದಾದ್ಯಂತ ಸುದ್ದಿಯಾದ ಮೇಲೆ, ವಿಜಯನಗರವೆಂದರೆ ಸಾಕು, ಬ್ಯಾಂಕುಗಳೂ ವಕೀಲರೂ ಹಂಚಿಕೆ ಪತ್ರವನ್ನು ಬೆಳಕಿಗೆ ಹಿಡಿದು ನೋಡತೊಡಗಿದ್ದಾರೆ. ನಮ್ಮ ಮನೆಯ ಹಂಚಿಕೆ 1984ರದು. ಅದರ ಮೇಲಿದ್ದ ಹೆಸರು ಮುಡಾದ್ದಲ್ಲ, ನಗರ ಸುಧಾರಣಾ ಟ್ರಸ್ಟ್ ಮಂಡಳಿಯದು. ಬ್ಯಾಂಕಿನ ಯುವ ಅಧಿಕಾರಿಯೊಬ್ಬರು ಇದಾವ ಸಂಸ್ಥೆ ಎಂದು ಕೇಳಿದಾಗ, 1903ರಲ್ಲಿ ಆರಂಭವಾದ ಆ ಮಂಡಳಿಯ ಕೆಲಸ 1988ರಲ್ಲಿ ಮುಡಾಕ್ಕೆ ಬಂದದ್ದನ್ನು ವಿವರಿಸುವ ಭಾಗ್ಯ ನನ್ನದಾಯಿತು. ಲೀಸ್ ಕಂ ಸೇಲ್ ಕರಾರು, ಸ್ವಾಧೀನ ಪತ್ರ, ಅನಂತರ ಕೊಟ್ಟ ಕ್ರಯಪತ್ರ, ಕಟ್ಟಡದ ನಕ್ಷೆ ಎಲ್ಲವೂ ಹಿರಿಯರು ಕಾಯ್ದಿಟ್ಟಿದ್ದ ಒಂದು ಫೈಲಿನಲ್ಲಿ ಕ್ರಮವಾಗಿದ್ದವು.

ಆಸ್ತಿಯ ಮೇಲಿನ ಸಾಲ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ (ಇ.ಸಿ.) ಮಾತ್ರ ಒಂದು ಎಡವಟ್ಟು ಕಂಡಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದಾದ ಇ.ಸಿ. 2004ರ ಏಪ್ರಿಲ್‌ನಿಂದೀಚಿನದು, ಅದರಲ್ಲಿ ಏನೂ ಇರಲಿಲ್ಲ. ದಲ್ಲಾಳಿಯವರು ಇಷ್ಟು ಸಾಕೆಂದರೂ ವಕೀಲರು ಬಿಡದೆ, ಹಿಂದಿನ ವರ್ಷಗಳದ್ದನ್ನು ಉಪ ನೋಂದಣಾಧಿಕಾರಿಗಳ ಕಚೇರಿಯ ಹಳೆಯ ಪುಸ್ತಕಗಳಿಂದ ತೆಗೆಸಿದಾಗ, 1990ರಲ್ಲಿ ಮನೆ ಕಟ್ಟಲು ಒಂದು ಸಹಕಾರ ಸಂಘದಿಂದ ಪಡೆದ ಸಾಲದ ಅಡಮಾನ ಇನ್ನೂ ಜೀವಂತವಾಗಿರುವುದು ಗೊತ್ತಾಯಿತು. ಸಾಲ ಎಂದೋ ತೀರಿತ್ತು. ತೀರಿತೆಂದು ನೋಂದಣಿ ಮಾಡಿಸುವ ಗೊಡವೆಗೆ ಯಾರೂ ಹೋಗಿರಲಿಲ್ಲ. ಸಂಘದಿಂದ ಋಣಮುಕ್ತ ಪತ್ರ ಬರೆಸಿಕೊಂಡು ನೋಂದಾಯಿಸಲು ಮೂರು ವಾರ ಹಿಡಿಯಿತು. ಆಕ್ಷೇಪಣೆಗಳಿದ್ದರೆ ತಿಳಿಸಿ ಎಂದು ಪತ್ರಿಕೆಗಳಲ್ಲಿ ಕೊಟ್ಟ ಪ್ರಕಟಣೆಗೆ ವಕೀಲರಿಗೆ ಬಂದ ಕರೆ ಒಂದೇ ಒಂದು, ಅದೂ ಎಷ್ಟಕ್ಕೆ ಮುಗಿಯಿತೆಂದು ತಿಳಿಯುವುದಕ್ಕೆ.

ನಿಜವಾದ ತೊಡಕು ಯಾರು ಸಹಿ ಹಾಕಬೇಕು ಎಂಬುದರಲ್ಲಿತ್ತು. ಯಜಮಾನರು ಉಯಿಲು ಬರೆದಿರಲಿಲ್ಲ. ಅವರು ಹೋದ ಮೇಲೆ ಖಾತೆ ಅಮ್ಮನವರ ಹೆಸರಿಗೆ ಪೌತಿಯಾಗಿ ಬಂದಿದ್ದರಿಂದ, ಅವರ ಸಹಿಯೊಂದೇ ಸಾಕೆಂದು ದಲ್ಲಾಳಿಯವರ ವಾದ. ಮಗಳ ವಿಷಯದಲ್ಲಿ ಅವರ ಬಳಿ ಇನ್ನೊಂದು ಶಾಸ್ತ್ರವಿತ್ತು: “ಅವ್ರ ಮದುವೆ ತೊಂಬತ್ಮೂರರಲ್ಲಿ ಆಗಿದೆ ಸಾರ್, ತೊಂಬತ್ನಾಲ್ಕರ ಕಾನೂನಿಗೆ ಮುಂಚೆ. ಪಾಲಿಲ್ಲ.” ವಕೀಲರು ತಾಳ್ಮೆಯಿಂದ ಎರಡನ್ನೂ ಬಿಡಿಸಿ ಹೇಳಿದರು. ಖಾತೆ ಎಂಬುದು ಕಂದಾಯ ಕಟ್ಟುವವರ ಹೆಸರೇ ಹೊರತು ಒಡೆತನದ ಹಕ್ಕುಪತ್ರವಲ್ಲ. 1994ರ ಕರ್ನಾಟಕದ ತಿದ್ದುಪಡಿಯಾಗಲಿ 2005ರ ಕೇಂದ್ರದ ತಿದ್ದುಪಡಿಯಾಗಲಿ ಹೇಳುವುದು ಪಿತ್ರಾರ್ಜಿತ ಅವಿಭಕ್ತ ಆಸ್ತಿಯ ಮಾತನ್ನು. ಇದು ಯಜಮಾನರ ಸ್ವಯಾರ್ಜಿತ. ಸ್ವಯಾರ್ಜಿತ ಆಸ್ತಿಯವರು ಉಯಿಲಿಲ್ಲದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು, ಮಗಳ ಮದುವೆ ಎಂದಾದರೂ ಆಗಿರಲಿ. ಆದ್ದರಿಂದ ವಂಶವೃಕ್ಷ ಬೇಕು, ಮೂರು ಸಹಿ ಬೇಕು. ಇದನ್ನು ಕೇಳಿದ ಮಗಳು, ತಾವು ಸಹಿ ಹಾಕಬೇಕಾದೀತು ಎಂದು ಆವರೆಗೆ ಯಾರೂ ತಮಗೆ ಹೇಳಿರಲಿಲ್ಲ ಎಂದು ನಕ್ಕರು. ಆ ನಗೆಯಲ್ಲಿ ಎಷ್ಟು ವರ್ಷಗಳ ಲೆಕ್ಕವಿತ್ತೋ, ನಾನು ಕೆದಕಲಿಲ್ಲ.

ಮಗ ಹೊರದೇಶದ ನಿವಾಸಿಯಾದದ್ದರಿಂದ ತೆರಿಗೆಯ ಕಡೆಯಿಂದ ಬೇರೊಂದು ಲೋಕ ತೆರೆದುಕೊಂಡಿತು. ಐವತ್ತು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ರಷ್ಟು ತೆರಿಗೆಯನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕೆಂಬುದು ನನಗೆ ತಿಳಿದಿತ್ತು. ಒಬ್ಬೊಬ್ಬರ ಪಾಲು ನಲವತ್ತೊಂದು ಲಕ್ಷ ಚಿಲ್ಲರೆ ಮಾತ್ರವಲ್ಲವೇ ಎಂಬ ನನ್ನ ಜಾಣತನ ಫಲಿಸಲಿಲ್ಲ. 2024ರ ಅಕ್ಟೋಬರ್‌ನಿಂದ ಪಾಲುಗಳನ್ನಲ್ಲ, ಒಟ್ಟು ಬೆಲೆಯನ್ನೇ ನೋಡಬೇಕು. ಆದರೆ ಈ ಶೇ 1ರ ಸೌಲಭ್ಯ ಅಮ್ಮ ಮತ್ತು ಮಗಳಿಗೆ ಮಾತ್ರ. ಅನಿವಾಸಿಯಾದ ಮಗನ ಪಾಲಿನಿಂದ ದೀರ್ಘಾವಧಿ ಬಂಡವಾಳ ಲಾಭದ ದರವಾದ ಶೇ 12.5 ಮತ್ತು ಅದರ ಮೇಲೆ ಶೇ 4ರ ಸೆಸ್ ಹಿಡಿಯಬೇಕು, ಅದೂ ಲಾಭದ ಮೇಲಲ್ಲ, ಇಲಾಖೆಯಿಂದ ಬೇರೆ ಪ್ರಮಾಣಪತ್ರ ತರದಿದ್ದರೆ ಪೂರ್ತಿ ಹಣದ ಮೇಲೆ. ಹೀಗೆ ತೆರಿಗೆ ಹಿಡಿಯುವವರಿಗೆ ಅದಕ್ಕೆಂದೇ ಕೊಡುವ ಟ್ಯಾನ್ ಎಂಬ ಗುರುತಿನ ಸಂಖ್ಯೆ ಆಗ ಇರಬೇಕಿತ್ತು; ನಾನೂ ಪತ್ನಿಯೂ ಜಂಟಿಯಾಗಿ ಕೊಳ್ಳುತ್ತಿದ್ದುದರಿಂದ ಇಬ್ಬರೂ ಒಂದೊಂದು ಟ್ಯಾನ್ ಮಾಡಿಸಿದೆವು. ಇಬ್ಬರು ಕೊಳ್ಳುವವರು, ಇಬ್ಬರು ಇಲ್ಲಿನ ನಿವಾಸಿಗಳು ಎಂದು ಗುಣಿಸಿ, ಶೇ 1ರ ಕಡಿತಕ್ಕೆ ತುಂಬಬೇಕಾದ 26ಕ್ಯೂಬಿ ಫಾರಂ ನಾಲ್ಕು. ಮಗನದಕ್ಕೆ 27ಕ್ಯೂ ಬೇರೆ. ಜೀವಮಾನದಲ್ಲಿ ಒಮ್ಮೆ ಮನೆ ಕೊಳ್ಳುವ ಮೇಷ್ಟರನ್ನು ಕಾನೂನು ಒಂದು ಕಂಪನಿಯಂತೆ ನಡೆಸಿಕೊಳ್ಳುವುದು ವಿಚಿತ್ರವೇ.

ಮಗ ತನ್ನ ಪಾಲನ್ನು ತಾಯಿಯ ಹೆಸರಿಗೆ ಹಕ್ಕು ಖುಲಾಸೆ ಮಾಡಿಕೊಟ್ಟರೆ ಎಲ್ಲವೂ ಸಲೀಸು ಎಂದು ದಲ್ಲಾಳಿಯವರು ಸೂಚಿಸಿದರು. ವಿಡಿಯೊ ಕರೆಯಲ್ಲಿ ಮಗ ನಯವಾಗಿ ನಿರಾಕರಿಸಿದರು. “ಅಮ್ಮನ ಮೇಲೆ ನಂಬಿಕೆ ಇಲ್ಲ ಅಂತಲ್ಲ ಮೇಷ್ಟ್ರೇ. ಅವರ ಖಾತೆಗೆ ಹೋದ ದುಡ್ಡು ನಾಳೆ ನನಗೆ ಬರೋವಾಗ ಹತ್ತು ಮಾತು ಹುಟ್ಟುತ್ತೆ” ಎಂದರು. ನನಗೆ ಅವರ ಮಾತು ಸರಿಯೆನಿಸಿತು. ಬೆಂಗಳೂರಿನಲ್ಲಿ ಫ್ಲ್ಯಾಟ್ ಒಂದಕ್ಕೆ ಆಗಲೇ ಮಾತಾಡಿದ್ದ ಅವರು, ಆ ಮರುಹೂಡಿಕೆಯ ಆಧಾರದ ಮೇಲೆ ಕಡಿಮೆ ದರದ ಕಡಿತಕ್ಕಾಗಿ ಇಲಾಖೆಗೆ ಅರ್ಜಿ ಹಾಕಿದರು. ಸಹಿಗಾಗಿ ಅಕ್ಕನ ಹೆಸರಿಗೆ ಅಧಿಕಾರ ಪತ್ರ ಬರೆದುಕೊಟ್ಟು, ಅದನ್ನು ಅಲ್ಲಿ ದೃಢೀಕರಿಸಿ ಕಳಿಸುವುದು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿ ಊರ್ಜಿತಗೊಳಿಸುವುದು ಎಂದಾಯಿತು. ಜೂನ್ ಮೂರನೇ ವಾರ, ಆಷಾಢ ಹಿಡಿಯುವುದಕ್ಕೆ ಮುಂಚೆ, ಹನ್ನೆರಡು ಲಕ್ಷ ಮುಂಗಡ ಕೊಟ್ಟು ಕ್ರಯದ ಕರಾರು ಬರೆಸಿಕೊಂಡೆವು.

ಬ್ಯಾಂಕಿನಲ್ಲಿ ಕಾಲ ನಮ್ಮ ಪರವಾಗಿತ್ತು ಎನ್ನಬೇಕು. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿ, ಏಪ್ರಿಲ್ ಮತ್ತು ಜೂನ್ ತಿಂಗಳಲ್ಲಿ, ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಒಟ್ಟು ಶೇ 6.5ರಿಂದ ಶೇ 5.5ಕ್ಕೆ ಇಳಿಸಿದ್ದರಿಂದ, ಗೃಹಸಾಲದ ಬಡ್ಡಿ ಶೇ 7.5ಕ್ಕೆ ಬಂದು, ಎಪ್ಪತ್ತು ಲಕ್ಷದ ಸಾಲಕ್ಕೆ ಇಪ್ಪತ್ತು ವರ್ಷಗಳ ಕಂತು ತಿಂಗಳಿಗೆ 56 ಸಾವಿರ ಚಿಲ್ಲರೆಗೆ ನಿಂತಿತು. ಆದರೆ ಬ್ಯಾಂಕು ಕಳಿಸಿದ ಇಂಜಿನಿಯರರು ಮನೆಗೆ ಕಟ್ಟಿದ ಬೆಲೆ ತೊಂಬತ್ತು ಲಕ್ಷ. ನಾವು ಕೊಡುವ ಬೆಲೆಗೂ ಅದಕ್ಕೂ ಮೂವತ್ತನಾಲ್ಕು ಲಕ್ಷದ ಅಂತರ. ಬೀದಿಯ ದರವೇ ಬೇರೆ, ಬ್ಯಾಂಕಿನ ಪುಸ್ತಕದ ದರವೇ ಬೇರೆ. ಮೂವತ್ತು ಲಕ್ಷ ದಾಟಿದ, ಎಪ್ಪತ್ತೈದು ಲಕ್ಷದವರೆಗಿನ ಸಾಲಕ್ಕೆ ಮೌಲ್ಯದ ಶೇ 80ರ ಮಿತಿ ಇರುವುದರಿಂದ ನಮಗೆ ಸಿಗಬಹುದಾಗಿದ್ದುದು ಎಪ್ಪತ್ತೆರಡು ಲಕ್ಷ. ಎರಡೇ ಲಕ್ಷದ ಅಂಚಿನಲ್ಲಿ ಪಾರಾದೆವು. ಉಳಿದದ್ದಕ್ಕೆ ಬೋಗಾದಿಯಾಚೆಯ ನಿವೇಶನ ಮೂವತ್ತೆಂಟು ಲಕ್ಷಕ್ಕೆ ಹೋಯಿತು, ನನ್ನ ಭವಿಷ್ಯ ನಿಧಿಯೂ ಪತ್ನಿಯ ಠೇವಣಿಯೂ ಕರಗಿದವು, ಎರಡು ಎಳೆಯ ಸರ ಗಿರವಿಗೆ ಹೋಯಿತು.

ಜುಲೈ ಕೊನೆಗೆ ಶ್ರಾವಣ ಬಂದರೂ ಡಲ್ಲಾಸಿನ ಪತ್ರ ಬರಲಿಲ್ಲ. ಇಲ್ಲಿ ಇ-ಖಾತೆಯೂ ಸಿಕ್ಕಿಬಿದ್ದಿತ್ತು. 2024ರ ಅಕ್ಟೋಬರ್‌ನಿಂದ ಇ-ಖಾತೆಯಿಲ್ಲದೆ ನೋಂದಣಿ ಇಲ್ಲ. ಹಳೆಯ ಖಾತೆಯನ್ನು ಗಣಕಕ್ಕೆ ಏರಿಸುವಾಗ ಕಚೇರಿಯೊಂದರಲ್ಲಿ ನಿವೇಶನದ ಸಂಖ್ಯೆಗೆ ಇಲ್ಲದ ‘ಎ’ ಅಕ್ಷರ ಅಂಟಿಕೊಂಡಿತ್ತು. ಅದನ್ನು ಕಳೆಯಲು ಮಗಳು ಮಂಡ್ಯದಿಂದ ಆರು ಸಲ ಬಂದರು. ಪ್ರತಿ ಸಲವೂ ಕಡತ ಮತ್ತೊಂದು ಮೇಜಿನ ಮೇಲಿರುತ್ತಿತ್ತು. ಕಡಿಮೆ ಕಡಿತದ ಪ್ರಮಾಣಪತ್ರ ಆಗಸ್ಟ್ ಮಧ್ಯದಲ್ಲಿ, ಅಧಿಕಾರ ಪತ್ರ ಗೌರಿ ಹಬ್ಬದ ಹಿಂದಿನ ವಾರ, ಇ-ಖಾತೆ ಹಬ್ಬದ ಮುನ್ನಾದಿನ ಕೈಸೇರಿದವು. ಅಷ್ಟರಲ್ಲಿ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರುತ್ತದೆಂಬ ಆದೇಶ ಹೊರಟಿತ್ತು. ಎಲ್ಲರೂ ಅದಕ್ಕೆ ಮುಂಚೆ ಮುಗಿಸಲು ಮುಗಿಬಿದ್ದಿದ್ದರಿಂದ ನಮಗೆ ಸಮಯ ಸಿಕ್ಕಿದ್ದು ಸೆಪ್ಟೆಂಬರ್ ಮೊದಲ ವಾರಕ್ಕೆ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲೆ ಶೇ 10 ಸೆಸ್ ಮತ್ತು ಶೇ 2 ಸರ್ಚಾರ್ಜ್, ಶೇ 2 ನೋಂದಣಿ ಶುಲ್ಕ ಸೇರಿ 9,42,400 ರೂಪಾಯಿ. ಒಂದು ವಾರದ ತಡಕ್ಕೆ ತೆತ್ತದ್ದು 1,24,000. ಪಿತೃಪಕ್ಷ ಹತ್ತಿರ ಬರುತ್ತಿದ್ದುದರಿಂದ ಇನ್ನಷ್ಟು ಕಾಯುವ ಮಾತೂ ಇರಲಿಲ್ಲ.

ನೋಂದಣಿಯ ದಿನ ಕಚೇರಿಯ ಪಡಸಾಲೆಯಲ್ಲಿ ಮೂರು ಗಂಟೆ ಕಾದೆವು. ಅಮ್ಮನವರ ಹೆಬ್ಬೆರಳಿನ ಗೆರೆಗಳು ಸವೆದು ಯಂತ್ರ ಅದನ್ನು ಗುರುತಿಸಲಿಲ್ಲ. ಐದನೆಯ ಪ್ರಯತ್ನದಲ್ಲಿ ಎಡಗೈಯ ಬೆರಳು ದಾಟಿತು. ಚಕ್ಕುಬಂದಿ ಓದುವಾಗ ಉತ್ತರಕ್ಕಿರುವ ಮನೆಯವರ ಹೆಸರು ಬಂದಾಗ ಅಮ್ಮನವರು, “ಆಯಮ್ಮ ಹೋಗಿ ಹತ್ತು ವರ್ಷ ಆಯ್ತು, ಈಗ ಅಲ್ಲಿ ಬಿಲ್ಡಿಂಗು” ಎಂದರು. ಪತ್ರ ಬರೆದವರು ಅದನ್ನು ತಿದ್ದದೆ ನಿವೇಶನದ ಸಂಖ್ಯೆ ಇದೆಯಲ್ಲ, ಸಾಕು ಎಂದುಬಿಟ್ಟರು. ಚೆಕ್ಕುಗಳು ಮೂರು ಖಾತೆಗಳಿಗೆ ಹೋದವು. ಅಮ್ಮನವರು ನವರಾತ್ರಿಯ ಬೊಂಬೆ ಕೂರಿಸುವುದನ್ನು ಈ ಮನೆಯಲ್ಲೇ ಮುಗಿಸಿ ಹೋಗುವುದಾಗಿ ಕೇಳಿದ್ದರು. ಹಾಗೆಯೇ ವಿಜಯದಶಮಿ ಕಳೆದ ಮೇಲೆ ಮಗಳ ಮನೆಗೆ ಹೊರಟರು.

ನಾವು ಕಾರ್ತಿಕದಲ್ಲಿ ಗೃಹಪ್ರವೇಶ ಮಾಡಿ ಬಂದೆವು. ಸೋರುವ ಕೋಣೆಯ ಚಾವಣಿಗೆ ಮೇಲಿನಿಂದ ಹೊಸ ಗಾರೆ ಬಿದ್ದಿದೆ, ನೆಲದ ರೆಡ್ ಆಕ್ಸೈಡ್ ಹಾಗೆಯೇ ಇದೆ. ಚೆಸ್ಕಾಂನ ಕರೆಂಟ್ ಬಿಲ್ಲೂ ವಾಣಿ ವಿಲಾಸ ನೀರಿನ ಬಿಲ್ಲೂ ಈಗಲೂ 2019ರಲ್ಲಿ ತೀರಿಕೊಂಡ ಯಜಮಾನರ ಹೆಸರಿನಲ್ಲೇ ಬರುತ್ತಿವೆ. ಹೆಸರು ಬದಲಿಸಲು ನಮ್ಮ ಹೆಸರಿನ ಇ-ಖಾತೆಯ ಪ್ರತಿಯನ್ನು ಲಗತ್ತಿಸಬೇಕಂತೆ. ಅದಕ್ಕೆ ಹಾಕಿದ ಅರ್ಜಿ ಯಾವ ಮೇಜಿನ ಮೇಲಿದೆ ಎಂದು ಬರುವ ಸೋಮವಾರ, ಮಂಡ್ಯದ ರೈಲು ತಪ್ಪಿಸಿ, ವಿಚಾರಿಸಬೇಕಾಗಿದೆ.